ಒಂದು ಬೆರಳು ದಪ್ಪ

ಸೀಳುಕೋಲು ಬೇಕೆಂದು ಬಂದೆಯಾ, ಕಾನ್ಸ್‌ಟೇಬಲನ ಮಗನೆ?
ಬಾ, ಬಾಗಿಲು ಹಾಕು,
ಉಪ್ಪುಗಾಳಿಗೆ ಹಲಗೆ ಬಿರಿಯುತ್ತದೆ.
ಆ ಪೀಪಾಯಿಯ ಮೇಲೆ ಕೂರು.

ಯಾರ ನಾಲಿಗೆಗೆ? ಹುಡುಗಿಯೊಬ್ಬಳದೆ?
ಇರಲಿ, ಹೆಸರು ಆಮೇಲೆ ಹೇಳು.
ಹೆಸರು ಗೊತ್ತಿದ್ದೇ ಕಡಿದಿದ್ದೆ ಹಿಂದೊಮ್ಮೆ.

ಸೈಲೆನ್ಸ್ ಟಪ್ಪರ್.
ಮೌನ ಎಂದೇ ಹೆಸರಿಟ್ಟಿದ್ದ ಅವಳಪ್ಪ,
ತೊಟ್ಟಿಲಲ್ಲೇ ಬಾಯಿಗೆ ಬೀಗ ಹಾಕಿದಂತೆ.
ಗಂಡ ಕಾಡ್ ಮೀನಿಗೆ ಹೋದವನು ಮರಳಲಿಲ್ಲ.
ಮೂರು ಮಕ್ಕಳು, ಒಂದು ಮೇಕೆ, ಜೌಗಿನಂಚಿಗೆ ಗುಡಿಸಲು.
ಆ ಚಳಿಗಾಲ ಮುಸುಕಿನ ಜೋಳ ಅಳೆಯುತ್ತಿದ್ದವರು
ಡೀಕನ್ ಪೆಲಟಾಯ ಥಾರ್ನ್,
ಊಟಕ್ಕೆ ಮುಂಚೆ ಪ್ರಾರ್ಥಿಸುವವರು
ಗಂಜಿ ತಣ್ಣಗಾಗುವವರೆಗೆ.

ಭಾನುವಾರ, ಕೀರ್ತನೆ ಮುಗಿದು ಎಲ್ಲ ಕೂರುವಾಗ
ಅವಳೊಬ್ಬಳು ಕೂರಲಿಲ್ಲ.
“ಡೀಕನರ ಕೊಳಗ ಸುಳ್ಳು ಹೇಳುತ್ತದೆ” ಅಂದಳು.
ಡೀಕನರು ಅನ್ನಲಿಲ್ಲ. ಕೊಳಗ ಅಂದಳು.
ಬಡವರ ಮಾತಿನ ನಾಜೂಕು ನೋಡು.

ಗುರುವಾರ, ಪ್ರವಚನದ ದಿನ, ತೀರ್ಪಾಯಿತು:
ಹಿರಿಯರ ಮೇಲೆ ನಾಲಿಗೆ ಹರಿಬಿಟ್ಟ ಪಾಪಕ್ಕೆ
ಅರ್ಧ ಗಂಟೆ, ಮರಳಗಡಿಯಾರದ ಲೆಕ್ಕದಲ್ಲಿ.
ಆ ಅಳತೆಯನ್ನು ಯಾರೂ ಅನುಮಾನಿಸಲಿಲ್ಲ.

ನನಗೆ ಹದಿನಾರು. ಪೀಪಾಯಿ ಕಸುಬಿಗೆ ಸೇರಿ ಎರಡು ವರ್ಷ.
“ಹಸಿ ಕೊಂಬೆ ಕಡಿಯೋ, ಒಣಗಿದ್ದು ಚುಚ್ಚುತ್ತದೆ”
ಅಂದರು ಯಜಮಾನರು.
ನಮ್ಮೂರಿನ ಕರುಣೆ ಹಾಗೇ, ಸಣ್ಣಪುಟ್ಟ ವಿವರಗಳಲ್ಲಿ ಬರುತ್ತಿತ್ತು.
ಆಶ್ ಮರದ ಕೊಂಬೆ ತಂದೆ, ಗೇಣುದ್ದ ಸೀಳಿದೆ,
ಅಂಚು ಉಜ್ಜಿ ನುಣುಪು ಮಾಡಿದೆ
ಮಗುವಿನ ಚಮಚದ ಹಾಗೆ.

ತೋಳದ ತಲೆ ಮೊಳೆ ಹೊಡೆದಿದ್ದ ಬಾಗಿಲ ಮುಂದೆ
ನಿಲ್ಲಿಸಿದರು ಅವಳನ್ನು.
ತೋಳ ನಾಲಿಗೆ ಚಾಚಿತ್ತು. ಅವಳೂ.
ಎಲುಬಿಲ್ಲದ ನಾಲಿಗೆ ಅನ್ನುತ್ತೇವಲ್ಲ,
ಅದಕ್ಕೆ ಅವತ್ತು ಮರದ ಎಲುಬು ಕೊಟ್ಟೆವು.
ಜೊಲ್ಲಿಳಿದು ಗದ್ದದ ತುದಿಯಲ್ಲಿ ಹೆಪ್ಪುಗಟ್ಟಿತು.
ಊರ ಮಕ್ಕಳು ನಕ್ಕರು, ನಕ್ಕು ಬೇಸರವಾಗಿ
ಹಿಮದುಂಡೆ ಕಟ್ಟತೊಡಗಿದರು.
ಅವಳ ಚಿಕ್ಕವನು ತಾನೂ ನಾಲಿಗೆ ಹೊರಹಾಕಿ
ಪಕ್ಕದಲ್ಲಿ ನಿಂತಿದ್ದ,
ಅಮ್ಮನ ಹೊಸ ಆಟ ಎಂದುಕೊಂಡು.

ನಾನು?
ನಾನು ಮರಳು ನೋಡುತ್ತಿದ್ದೆ.

ಈಗ ಹೇಳುವುದನ್ನು ಬರೆದುಕೊಳ್ಳಬೇಡ.
ಆ ಕೊಳಗಕ್ಕೆ ತಳ ಕೂರಿಸಿದವನು ನಾನು.
“ಒಂದು ಬೆರಳು ದಪ್ಪವೇ ಇರಲಿ, ಬಾಳಿಕೆ ಬರುತ್ತದೆ”
ಅಂದಿದ್ದರು ಡೀಕನರು.
ಹೊರಗಿನ ಎತ್ತರ ಸರಿಯಿತ್ತು, ಬಾಸ್ಟನ್ನಿನ ಮುದ್ರೆಯಿತ್ತು,
ಒಳಗೆ ಒಂದು ಬೆರಳು.
ಯಾರ ಬೆರಳೆಂದು ಕೇಳಲಿಲ್ಲ. ನನ್ನದನ್ನೇ ಇಟ್ಟು ಅಳೆದೆ.
ಇದು.
ತಂಗಿಗೆ ಓದು ಕಲಿಸುವಾಗ
ಕೀರ್ತನೆಯ ಸಾಲಿನ ಕೆಳಗೆ ಓಡುತ್ತಿದ್ದುದೂ ಇದೇ.

ಮರಳು ಮುಗಿಯಿತು. ಕೋಲು ತೆಗೆದರು.
ಒಮ್ಮೆ ಉಗುಳಿ, ಮಕ್ಕಳ ಕೈ ಹಿಡಿದು
ಜೌಗಿನ ಕಡೆ ನಡೆದಳು.
ಯಾರೂ ಇಲ್ಲದಾಗ ಕೋಲನ್ನು ಎತ್ತಿಕೊಂಡೆ.

ಮರುವರ್ಷ ಬಂದಳು ಈ ಅಂಗಡಿಗೇ, ಬಾಲ್ದಿ ಬೇಕೆಂದು.
ಹೇಳಿಬಿಡೋಣ ಎಂದುಕೊಂಡೆ.
ಅವಳು ಬಾಲ್ದಿಯೊಳಗೆ ಒಂದು ಕೈ ಇಳಿಸಿದಳು,
ಹೊರಗಿನಿಂದ ತಳಕ್ಕೆ ಇನ್ನೊಂದು ಕೈ.
ಎರಡು ಅಂಗೈ ನಡುವೆ ನನ್ನ ಹಲಗೆ,
ತುಂಬ ಹೊತ್ತು.
“ಸೋರುವುದಿಲ್ಲ ತಾನೆ?”
“ಇಲ್ಲ” ಅಂದೆ.
ಪೂರ್ತಿ ದುಡ್ಡು ಎಣಿಸಿಟ್ಟು ಹೋದಳು.

ಡೀಕನರು ಹಾಸಿಗೆಯಲ್ಲೇ ತೀರಿಕೊಂಡರು, ಊರು ಅತ್ತಿತು.
ನನ್ನನ್ನು ಹಿರಿಯರ ಬೆಂಚಿಗೆ ಏರಿಸಿದರು.
ಹೆಂಡತಿ ಮಲಗಿದ ಮೇಲೆ ಒಂದೊಂದು ರಾತ್ರಿ
ಆ ಕೋಲು ತೆಗೆದು ಬಾಯಿಗೆ ಸಿಕ್ಕಿಸಿಕೊಳ್ಳುತ್ತೇನೆ.
ಒಣಗಿದೆ ಈಗ, ಚುಚ್ಚುತ್ತದೆ.
ಆದರೆ ನೋಡುವವರಿಲ್ಲ,
ನಕ್ಕು ಬೇಸರಪಡುವ ಮಕ್ಕಳಿಲ್ಲ,
ಹಾಗಾಗಿ ಲೆಕ್ಕಕ್ಕೆ ಬರುವುದಿಲ್ಲ.

ನಾಳೆ ಬಾ, ಹೋಗು.
ಬರುವಾಗ ಒಂದು ಕೆಲಸ ಮಾಡು,
ಆ ಹುಡುಗಿ ಹೇಳಿದ್ದೇನೆಂದು ಕೇಳಿಕೊಂಡು ಬಾ.
ಯಾರ ಮೇಲೆ ಎಂದಲ್ಲ.
ಏನು ಎಂದು.

ಬಾಗಿಲು ಎಳೆದುಕೋ. ಗಾಳಿ.